ತೂತು ಬಿದ್ದರೆ ಬಿದ್ದಂತೆಯೇ: ಮನೆಯಲ್ಲಿ ಚರ್ಮದ ಪರ್ಸು, ಚೀಲ ಹೊಲಿಯುವ ಬಗೆ

ನಾನು ಹೊಲಿದ ಮೊದಲ ಕಾರ್ಡ್ ಪರ್ಸಿನೊಳಗೆ ಕಾರ್ಡೇ ಹೋಗಲಿಲ್ಲ. ಬ್ಯಾಂಕ್ ಕಾರ್ಡಿನ ಅಗಲ 8.56 ಸೆಂಟಿಮೀಟರ್. ನಾನು 9 ಸೆಂಟಿಮೀಟರಿಗೆ ಚರ್ಮ ಕತ್ತರಿಸಿ, ಇಷ್ಟು ಸಡಿಲ ಧಾರಾಳವಾಯಿತು ಅಂದುಕೊಂಡಿದ್ದೆ. ಎರಡೂ ಪಕ್ಕದಲ್ಲಿ ಹೊಲಿಗೆ ಅಂಚಿನಿಂದ 4 ಮಿಲಿಮೀಟರ್ ಒಳಗೆ ಕೂರುತ್ತದೆ, ಉಳಿಯುವುದು ಬರೀ 8.2 ಸೆಂಟಿಮೀಟರ್ ಅನ್ನುವ ಲೆಕ್ಕ ತಲೆಗೆ ಹತ್ತಿದ್ದು ಹೊಲಿದು ಮುಗಿಸಿ, ದಾರದ ತುದಿ ಸುಟ್ಟು, ಕಾರ್ಡ್ ತುರುಕುತ್ತಾ ಕೂತಾಗ.

ಹನ್ನೆರಡು ವರ್ಷ ಬಟ್ಟೆ ಹೊಲಿದ ಕೈ ನನ್ನದು. ಇದೇನು ಮಹಾ, ಬಿಚ್ಚಿ ಒಂದು ಗೆರೆ ಆಚೆ ಹೊಲಿದರಾಯಿತು ಎಂದು ಬಿಚ್ಚಿದೆ. ಬಟ್ಟೆಯಲ್ಲಾದರೆ ಸೂಜಿಯ ತೂತು ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ಮುಚ್ಚಿಹೋಗುತ್ತದೆ. ಚರ್ಮದಲ್ಲಿ ಐವತ್ತೂ ತೂತು ಹಾಗೆಯೇ ಬಾಯಿ ಬಿಟ್ಟುಕೊಂಡು ಕೂತಿದ್ದವು. ಆ ಪರ್ಸು ಇವತ್ತಿಗೂ ನನ್ನ ಸಾಮಾನಿನ ಡಬ್ಬಿಯಲ್ಲಿದೆ, ಸೂಜಿ ಚುಚ್ಚಿಡಲು. ಬಟ್ಟೆಯ ಅಭ್ಯಾಸದಲ್ಲೇ ಚರ್ಮಕ್ಕೆ ಕೈ ಹಾಕುವವರಿಗೆ ಮೊದಲು ಹೇಳಬೇಕಾದ್ದು ಇದು: ಚಾಕು ಹಿಡಿಯುವ ಮುಂಚೆ ಎಷ್ಟು ಬೇಕಾದರೂ ತಪ್ಪು ಮಾಡಿ, ಆಮೇಲೆ ಬೇಡ.

ಯಾವ ಚರ್ಮ

ಬಣ್ಣ ನೋಡುವ ಮೊದಲು ಹದ ಯಾವುದೆಂದು ಕೇಳಿ. ಮರದ ತೊಗಟೆ, ಎಲೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಿ ಹದ ಮಾಡಿದ್ದು ವೆಜ್ ಟ್ಯಾನ್. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲೇ ಮುಗಿಸಿದ್ದು ಕ್ರೋಮ್ ಟ್ಯಾನ್. 19ನೇ ಶತಮಾನದ ಉತ್ತರಾರ್ಧದಲ್ಲಿ ಬಂದ ಈ ಎರಡನೆಯ ಕ್ರಮವೇ ಇವತ್ತು ಮಾರುಕಟ್ಟೆಯ ಬಹುಪಾಲನ್ನು ತುಂಬಿದೆ. ಕ್ರೋಮ್ ಮೆತ್ತಗೆ, ಬಣ್ಣಬಣ್ಣವಾಗಿ, ನೀರಿಗೆ ಅಷ್ಟಾಗಿ ಹೆದರದೆ ಇರುತ್ತದೆ. ವೆಜ್ ಟ್ಯಾನ್ ಗಡುಸು. ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಅಂಚನ್ನು ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ, ಬಿಸಿಲಿಗೆ, ಕೈಯ ಜಿಡ್ಡಿಗೆ ದಿನದಿನಕ್ಕೆ ಬಣ್ಣ ಗಾಢವಾಗುತ್ತದೆ. ಕಲಿಯುವವರು ವೆಜ್ ಟ್ಯಾನ್‌ನಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೆತ್ತನೆಯ ಚರ್ಮ ಚಾಕುವಿನ ಕೆಳಗೆ ಜಾರುತ್ತದೆ, ಎಳೆದರೆ ಹಿಗ್ಗುತ್ತದೆ. ಅಳತೆ ಎಲ್ಲಿ ತಪ್ಪಿತು ಅನ್ನುವುದೇ ಗೊತ್ತಾಗುವುದಿಲ್ಲ.

ಎರಡನ್ನೂ ಗುರುತಿಸಲು ಕತ್ತರಿಸಿದ ಅಂಚು ನೋಡಿ. ಕ್ರೋಮ್ ಚರ್ಮದ ನಡುವೆ ಹಲವು ಸಲ ಬೂದು-ನೀಲಿ ಛಾಯೆಯ ಪಟ್ಟಿ ಕಾಣುತ್ತದೆ, ವೆಜ್ ಟ್ಯಾನ್ ಒಳಗೂ ಹೊರಗೂ ತಿಳಿಗಂದು. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ಒಂದು ಹನಿ ನೀರು ಬಿಟ್ಟರೆ ತಟ್ಟನೆ ಹೀರಿಕೊಂಡು ಆ ಜಾಗ ಕಪ್ಪಗಾಗುತ್ತದೆ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ ಬಾಂಡೆಡ್ ಲೆದರ್ ಅಂತ ಇನ್ನೊಂದಿದೆ. ಅದು ವರ್ಷ ಎರಡು ವರ್ಷಕ್ಕೆ ಸಿಪ್ಪೆ ಏಳುತ್ತದೆ, ಹತ್ತಿರ ಸೇರಿಸಬೇಡಿ.

ದಪ್ಪ ಮಿಲಿಮೀಟರಿನಲ್ಲಿ ಕೇಳಿ. ಔನ್ಸಿನಲ್ಲಿ ಹೇಳಿದರೆ ಒಂದು ಔನ್ಸ್ ಎಂದರೆ ಸುಮಾರು 0.4 ಮಿಲಿಮೀಟರ್ ಎಂದು ಗುಣಿಸಿಕೊಳ್ಳಿ. ಕಾರ್ಡ್ ಪರ್ಸಿಗೆ 1ರಿಂದ 1.2, ಚೀಲದ ಮೈಗೆ 1.8ರಿಂದ 2, ಹೆಗಲ ಬಾರಿಗೆ 2.5ರಿಂದ 3 ಮಿಲಿಮೀಟರ್ ಸಾಕು. ಪ್ರಾಣಿಯ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಅದಕ್ಕೇ ಬಾರನ್ನು ಯಾವಾಗಲೂ ಬೆನ್ನೆಲುಬಿನ ಉದ್ದಕ್ಕೆ ಸಮಾನಾಂತರವಾಗಿ ಕತ್ತರಿಸಬೇಕು. ಹೊಟ್ಟೆಯ ಕಡೆಯಿಂದ ಕತ್ತರಿಸಿದ ನನ್ನ ಒಂದು ಬಾರು ಆರು ತಿಂಗಳಲ್ಲಿ ಜೋತುಬಿದ್ದು, ಚೀಲ ಸೊಂಟದಿಂದ ತೊಡೆಗೆ ಇಳಿದಿತ್ತು.

ಸಾಮಾನು

ಕಿಟ್ ಅಂತ ಇಪ್ಪತ್ತೈದು ಮೂವತ್ತು ಉಪಕರಣದ ಡಬ್ಬಿ ಮಾರುತ್ತಾರೆ, ಅದರಲ್ಲಿ ಅರ್ಧ ಮುಟ್ಟುವುದೂ ಇಲ್ಲ. ಬೇಕಾದ್ದು ಇಷ್ಟು: ಬ್ಲೇಡು ಮುರಿದು ಹೊಸ ಮೊನೆ ತೆಗೆಯುವ ಕಟರ್, ಸ್ಟೀಲ್ ಸ್ಕೇಲು, ಕೆಳಗೆ ಹಾಸಲು ಕಟಿಂಗ್ ಮ್ಯಾಟ್, ಸಾಲಾಗಿ ಹೊಲಿಗೆಯ ತೂತು ಹೊಡೆಯುವ, 4 ಮಿಲಿಮೀಟರ್ ಅಂತರದ ಹಲ್ಲುಳಿಗಳು ಎರಡು (ಒಂದು ನಾಲ್ಕೋ ಆರೋ ಹಲ್ಲಿನದು, ಇನ್ನೊಂದು ಎರಡು ಹಲ್ಲಿನದು), ಮರದ ಅಥವಾ ನೈಲಾನ್ ಕೊಡತಿ, ಮೊಂಡು ಮೊನೆಯ ಎರಡು ಸೂಜಿ, 0.8 ಮಿಲಿಮೀಟರಿನ ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ, ರಬ್ಬರ್ ಅಂಟು, ಉಪ್ಪುಕಾಗದ. ಹೊಲಿಗೆಯ ಗೆರೆ ಎಳೆಯಲು ಬೇರೇನೂ ಕೊಳ್ಳಬೇಡಿ. ಜಾಮಿಟ್ರಿ ಬಾಕ್ಸಿನ ಡಿವೈಡರ್ ಇದೆಯಲ್ಲ, ಎರಡೂ ಕಾಲಿಗೆ ಮೊನೆ ಇರುವುದು, ಅದೇ ಸಾಕು. ಹಣ ಹೆಚ್ಚು ಹಾಕುವುದಾದರೆ ಹಲ್ಲುಳಿಗೆ ಹಾಕಿ. ಹಲ್ಲು ಒರಟಾಗಿದ್ದರೆ ಚರ್ಮದಿಂದ ಕೀಳುವಾಗ ತೂತನ್ನೂ ಹರಿದುಕೊಂಡು ಬರುತ್ತದೆ. ಕಬ್ಬಿಣದ ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ, ಉಳಿಯ ತಲೆ ಹಾಳಾಗುತ್ತದೆ.

ಮನೆಯ ಹೊಲಿಗೆ ಯಂತ್ರದಲ್ಲಿ ಆಗುವುದಿಲ್ಲವೇ? ನಾನೂ ನೋಡಿದೆ. ಎರಡು ಪದರಕ್ಕೆ ಸೂಜಿ ಮುರಿಯಿತು, ಮೂರನೆಯದನ್ನು ಸೇರಿಸಿದಾಗ ಯಂತ್ರ ನರಳಿತು. ನಿಲ್ಲಿಸಿದೆ.

ಮೊದಲು ಕಾಗದ

ಶುರುವಿಗೆ ಈ ಕಾರ್ಡ್ ಪರ್ಸು ಮಾಡಿ. ಮೂರೇ ತುಂಡು. ನಡುವಿನದು 10 × 6.5 ಸೆಂಟಿಮೀಟರ್, ಹಿಂದೆ ಮುಂದೆ ಜೇಬಿಗೆ 10 × 5 ಸೆಂಟಿಮೀಟರಿನ ಎರಡು. ಎಡ, ತಳ, ಬಲ, ಮೂರು ಕಡೆ ಹೊಲಿಗೆ. ಹೊಲಿಗೆ ಕಳೆದು ಒಳಗೆ 9.2 ಸೆಂಟಿಮೀಟರ್ ಸಿಗುತ್ತದೆ, ಒಂದೊಂದು ಜೇಬಿಗೆ ಎರಡು ಕಾರ್ಡ್ ಆರಾಮವಾಗಿ ಹೋಗುತ್ತವೆ. ಕಾರ್ಡಿನ ಎತ್ತರ 5.4 ಆದ್ದರಿಂದ ಜೇಬಿನ ಮೇಲೆ ಸುಮಾರು 8 ಮಿಲಿಮೀಟರ್ ಹೊರಗೆ ಉಳಿಯುತ್ತದೆ, ಹೆಬ್ಬೆರಳಿಗೆ ಹಿಡಿತ.

ಇದನ್ನು ಮೊದಲು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಜೋಡಿಸಿ, ನಿಮ್ಮದೇ ಕಾರ್ಡ್ ಹಾಕಿ ತೆಗೆದು ನೋಡಿ. ಜೋಡಿಸಲು ಅಂಚಿಗೆ ಟೇಪು ಹಚ್ಚಬೇಡಿ, ಹೊಲಿಗೆ ಬರುವ ಗೆರೆಯ ಮೇಲೆ ಪಿನ್ನು ಹೊಡೆಯಿರಿ; ಆಗ ನಿಜವಾದ ಜಾಗ ಎಷ್ಟೆಂದು ತಿಳಿಯುತ್ತದೆ. ಮುಂದೆ ಮಡಚುವ ಪರ್ಸು ಮಾಡುವಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಮಡಚಿದಾಗ ಹೊರಗಿನ ಪದರ ದೊಡ್ಡ ಸುತ್ತು ಸುತ್ತುತ್ತದೆ, ಒಳಗಿನದು ಚಿಕ್ಕ ಸುತ್ತು. ಎರಡನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ಒಳಗಿನದು ತಿದಿಯ ಹಾಗೆ ಮಡಿಕೆ ಬೀಳುತ್ತದೆ. ಒಳಪದರವನ್ನು 4–5 ಮಿಲಿಮೀಟರ್ ಗಿಡ್ಡ ಮಾಡಿ.

ಅಚ್ಚನ್ನು ಚರ್ಮದ ಮೇಲಿಟ್ಟು ಗುರುತು ಮಾಡುವಾಗ ಬಾಲ್ ಪೆನ್ ಬೇಡ, ಹೋಗುವುದೇ ಇಲ್ಲ. ಸೂಜಿಯ ಮೊನೆಯಿಂದ ತೆಳ್ಳಗೆ ಗೀಚಿ. ಉಗುರು ಕತ್ತರಿಸಿಕೊಂಡು ಕೂತುಕೊಳ್ಳಿ. ವೆಜ್ ಟ್ಯಾನ್ ಮೇಲೆ ಉಗುರಿನ ಗುರುತು ಅಚ್ಚೊತ್ತಿದ ಹಾಗೆ ಉಳಿಯುತ್ತದೆ.

ಕತ್ತರಿಸುವಾಗ ಸ್ಕೇಲನ್ನು ಬೇಕಾದ ತುಂಡಿನ ಮೇಲೆಯೇ ಇಡಿ. ಬ್ಲೇಡು ಜಾರಿದರೂ ಬೇಡದ ಕಡೆಗೆ ಜಾರುತ್ತದೆ. ಒಂದೇ ಏಟಿಗೆ ತುಂಡು ಮಾಡುವ ಹಟ ಬೇಡ. ಮೊದಲ ಎಳೆತ ಬರೀ ದಾರಿ ತೋರಿಸಲು, ಎರಡನೆಯದು ಅರ್ಧ ಆಳಕ್ಕೆ, ಮೂರನೆಯದಕ್ಕೆ ಬಿಟ್ಟುಕೊಳ್ಳುತ್ತದೆ. ಬ್ಲೇಡನ್ನು ನೆಟ್ಟಗೆ ಹಿಡಿಯಿರಿ, ಓರೆಯಾದರೆ ಮೂರು ಪದರ ಸೇರಿದಾಗ ಅಂಚು ಮೆಟ್ಟಿಲಾಗುತ್ತದೆ. ಮೂಲೆಗಳನ್ನು ಒಂದು ನಾಣ್ಯ ಇಟ್ಟು ಗೀಚಿ ದುಂಡಗೆ ಮಾಡಿದರೆ ಜೇಬಿನಲ್ಲಿ ಸವೆಯುವುದಿಲ್ಲ.

ಮತ್ತೆ ಆ ಸ್ಟೀಲ್ ಸ್ಕೇಲು. ಒಮ್ಮೆ ನಾನು ಚರ್ಮಕ್ಕೆ ನೀರು ಹಚ್ಚಿ, ಅದರ ಮೇಲೆ ಹಳೆಯ ತುಕ್ಕು ಹಿಡಿದ ಸ್ಕೇಲು ಇಟ್ಟು ಫೋನ್ ಎತ್ತಲು ಹೋದೆ. ಬಂದು ನೋಡಿದರೆ ಸ್ಕೇಲಿನ ಅಗಲಕ್ಕೆ ಕಪ್ಪು ಪಟ್ಟೆ. ಚರ್ಮದ ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಮಸಿ ಹುಟ್ಟುತ್ತದೆ. ಹಿಂದಿನವರು ಬರೆಯಲು ಮಾಡಿಕೊಳ್ಳುತ್ತಿದ್ದ ಮಸಿಯೂ ಇದೇ ಬಗೆಯದು. ಒದ್ದೆ ಚರ್ಮದ ಹತ್ತಿರ ಕಬ್ಬಿಣ ಬರಕೂಡದು.

ಅಂಟಿಸಿ, ಚುಚ್ಚಿ

ಜೇಬಿನ ಬಾಯಿಯ ಅಂಚನ್ನು ಅಂಟಿಸುವ ಮೊದಲೇ ಉಜ್ಜಿ ಮುಗಿಸಿ. ಜೋಡಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಇದನ್ನು ಮರೆಯದವರು ಯಾರೂ ಇಲ್ಲ, ನಾನು ಈಗಲೂ ಮರೆಯುತ್ತೇನೆ. ಉಜ್ಜುವ ಕ್ರಮ ಕೆಳಗೆ ಅಂಚಿನ ಭಾಗದಲ್ಲಿದೆ.

ಅಂಟು ಬೇಕಾದ್ದು ಅಂಚಿನ 3 ಮಿಲಿಮೀಟರಿಗೆ ಮಾತ್ರ. ಎರಡೂ ಮೈಗೆ ತೆಳ್ಳಗೆ ಸವರಿ, ಹತ್ತು ನಿಮಿಷ ಹಾಗೇ ಬಿಡಿ. ಬೆರಳು ತಾಗಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಮೆತ್ತಿಕೊಳ್ಳಬಾರದು, ಆಗ ಒತ್ತಿ. ಒಮ್ಮೆ ತಾಗಿದ ಮೇಲೆ ಸರಿಸಲು ಬರುವುದಿಲ್ಲ, ಆದ್ದರಿಂದ ಒಂದು ಮೂಲೆಯಿಂದ ಶುರು ಮಾಡಿ ನಿಧಾನಕ್ಕೆ ಮಲಗಿಸುತ್ತಾ ಹೋಗಿ. ನುಣುಪಾದ ಮೈಗೆ ಅಂಟು ಹಿಡಿಯುವುದಿಲ್ಲ, ಅಂಟಿಸುವ ಗೆರೆಯನ್ನು ಉಪ್ಪುಕಾಗದದಿಂದ ಸ್ವಲ್ಪ ಒರಟು ಮಾಡಿಕೊಳ್ಳಿ. ಕಿಟಕಿ ತೆರೆದಿರಲಿ, ವಾಸನೆ ತಲೆಗೆ ಏರುತ್ತದೆ.

ಡಿವೈಡರನ್ನು 4 ಮಿಲಿಮೀಟರಿಗೆ ಅಗಲಿಸಿ, ಒಂದು ಕಾಲು ಅಂಚಿನ ಹೊರಗೆ ಜಾರಿಸುತ್ತಾ, ಇನ್ನೊಂದರಿಂದ ಗೆರೆ ಎಳೆಯಿರಿ. ಹಲ್ಲುಳಿಯನ್ನು ಮೊದಲು ಒತ್ತಿ ಬರೀ ಗುರುತು ಮಾಡಿಕೊಂಡು ಗೆರೆಯ ಕೊನೆಯವರೆಗೆ ಹೋಗಿ. ಪ್ರತಿ ಸಲವೂ ಮೊದಲ ಹಲ್ಲು ಹಿಂದಿನ ಕೊನೆಯ ಗುರುತಿನಲ್ಲೇ ಕೂರಬೇಕು, ಆಗ ಅಂತರ ತಪ್ಪುವುದಿಲ್ಲ. ಮೂಲೆಯ ಹತ್ತಿರ ಅರ್ಧ ಅಂತರ ಉಳಿದರೆ, ಕೊನೆಯ ನಾಲ್ಕೈದು ಗುರುತುಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ ಹಂಚಿಬಿಡಿ, ಯಾರ ಕಣ್ಣಿಗೂ ಬೀಳದು. ತಿರುವಿನಲ್ಲಿ ಎರಡು ಹಲ್ಲಿನ ಉಳಿ. ಗುರುತೆಲ್ಲ ಸರಿ ಎನಿಸಿದ ಮೇಲೆಯೇ ಕೊಡತಿ ಎತ್ತಿ. ಉಳಿ ನೆಟ್ಟಗೆ ನಿಲ್ಲದಿದ್ದರೆ ಮುಂದಿನ ಸಾಲು ಚೆಂದ, ಹಿಂದಿನ ಸಾಲು ಹಾವಿನ ನಡಿಗೆ. ಸದ್ದಿನ ಬಗ್ಗೆ ಒಂದು ಮಾತು: ಮೇಜಿನ ನಡುವೆ ಹೊಡೆದರೆ ಮನೆಯೆಲ್ಲ ಗುಡುಗುತ್ತದೆ, ಮೇಜಿನ ಕಾಲಿನ ನೇರಕ್ಕೆ ಹೊಡೆದರೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ ನಾನು ಹೊಲಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ.

ಎರಡು ಸೂಜಿ, ಒಂದು ದಾರ

ಹೊಲಿಗೆಯ ಗೆರೆ 20 ಸೆಂಟಿಮೀಟರ್ ಇದೆ. ಅದರ ನಾಲ್ಕು ಪಟ್ಟು 80, ಸೂಜಿಗೆ ಪೋಣಿಸಲು ಇನ್ನೊಂದು 20, ಒಟ್ಟು ಒಂದು ಮೀಟರ್ ದಾರ ಕತ್ತರಿಸಿ. ಎರಡೂ ತುದಿಗೆ ಒಂದೊಂದು ಸೂಜಿ. ಗಂಟು ಹಾಕುವ ಹಾಗಿಲ್ಲ, ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗೆ ಮಾಡಿ: ದಾರವನ್ನು ಕಣ್ಣಿನೊಳಗೆ ತೂರಿಸಿ ನಾಲ್ಕು ಬೆರಳು ಹೊರಗೆಳೆದುಕೊಳ್ಳಿ. ಆ ಗಿಡ್ಡ ತುದಿಯ ಮೈಯನ್ನೇ ಸೂಜಿಯ ಮೊನೆಯಿಂದ ಎರಡು ಕಡೆ ಚುಚ್ಚಿ, ಚುಚ್ಚಿದ್ದನ್ನು ಸೂಜಿಯ ಮೇಲಿಂದ ಹಿಂದಕ್ಕೆ, ಕಣ್ಣು ದಾಟಿಸಿ ಎಳೆದುಬಿಡಿ. ದಾರ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ.

ಪರ್ಸನ್ನು ಎರಡು ಮರದ ಪಟ್ಟಿಗಳ ನಡುವೆ ಇಟ್ಟು ಮಂಡಿಗಳಿಂದ ಅದುಮಿ ಹಿಡಿಯಿರಿ, ಎರಡು ಕೈಯೂ ಖಾಲಿ ಇರಬೇಕು. ಮೊದಲ ತೂತಿನಲ್ಲಿ ದಾರ ತೂರಿಸಿ, ಎರಡೂ ಕಡೆ ಸಮ ಉದ್ದ ಬರುವ ಹಾಗೆ ಎಳೆದುಕೊಳ್ಳಿ. ಮುಂದಿನ ತೂತಿಗೆ ಎಡಗೈ ಸೂಜಿ ಮೊದಲು. ಅದು ಬಲಕ್ಕೆ ಬಂದ ಮೇಲೆ, ಅದರ ದಾರವನ್ನು ನಿಮ್ಮ ಕಡೆಗೆ ಕೊಂಚ ಎಳೆದು ಹಿಡಿದು, ಅದೇ ತೂತಿನಲ್ಲಿ ಬಲಗೈ ಸೂಜಿಯನ್ನು ಆ ದಾರದ ಆಚೆ ಬದಿಯಿಂದ ಎಡಕ್ಕೆ ಕಳಿಸಿ. ಆಮೇಲೆ ಎರಡೂ ಕೈ ಅಗಲಿಸಿ ಒಂದೇ ಬಿಗಿಯಲ್ಲಿ ಎಳೆಯಿರಿ. ದಾರ ಚರ್ಮಕ್ಕೆ ತಾಗಿ ಕೂರುವಾಗ ಮೇಣದ ಒಂದು ಸಣ್ಣ ಕಿರ್ ಸದ್ದು ಬರುತ್ತದೆ, ಅಷ್ಟು ಸಾಕು. ಇನ್ನೂ ಎಳೆದರೆ ಚರ್ಮ ಸುಕ್ಕಾಗುತ್ತದೆ. ಎರಡನೆಯ ಸೂಜಿ ಮೊದಲ ದಾರವನ್ನು ಚುಚ್ಚಿಬಿಟ್ಟರೆ ಎಳೆತ ನಿಂತುಹೋಗುತ್ತದೆ. ಅದನ್ನು ತಪ್ಪಿಸಲಿಕ್ಕೇ ದಾರ ಎಳೆದು ಹಿಡಿಯಬೇಕು ಅಂದದ್ದು. ಎಡವೋ ಬಲವೋ, ಯಾವುದು ಮೊದಲು ಎನ್ನುವುದು ಮುಖ್ಯವಲ್ಲ. ನಡುವೆ ಬದಲಾಯಿಸಿದರೆ ಮಾತ್ರ ಒಂದೇ ಕಡೆ ಓರೆಯಾಗಿದ್ದ ಹೊಲಿಗೆ ಅಲ್ಲಿಂದ ದಿಕ್ಕು ತಪ್ಪುತ್ತದೆ. ಫೋನ್ ಬಂದು ಎದ್ದು ಹೋಗಿದ್ದು ಎಲ್ಲಿ ಅಂತ ನನ್ನ ಹಳೆಯ ಪರ್ಸುಗಳನ್ನು ನೋಡಿ ಹೇಳಬಹುದು.

ಇಷ್ಟು ಕಷ್ಟ ಯಾಕೆಂದರೆ, ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರವನ್ನು ಕೊಂಡಿ ಹಾಕಿ ಹಿಡಿದಿರುತ್ತದೆ. ಒಂದು ಕಡೆ ಕಡಿದರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗಿ ಬಿಚ್ಚತೊಡಗುತ್ತದೆ. ಇಲ್ಲಿ ಪ್ರತಿ ತೂತಿನಲ್ಲೂ ದಾರ ಎರಡು ಸಲ ಹಾದಿರುವುದರಿಂದ ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದಿರುತ್ತದೆ. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಇದು.

ಜೇಬಿನ ಬಾಯಿ ಬಂದಲ್ಲಿ ಪದರದ ಅಂಚಿನ ಸುತ್ತ ಎರಡು ಸುತ್ತು ದಾರ ಹಾಕಿ, ಕಾರ್ಡ್ ಎಳೆಯುವ ಜೋರೆಲ್ಲ ಬೀಳುವುದು ಅಲ್ಲಿಯೇ. ಕೊನೆಗೆ ಮೂರು ತೂತು ಹಿಂದಕ್ಕೆ ಹೊಲಿದು, ಎರಡೂ ದಾರ ಹಿಂಬದಿಗೆ ತಂದು, 2 ಮಿಲಿಮೀಟರ್ ಬಿಟ್ಟು ಕತ್ತರಿಸಿ, ಲೈಟರಿನ ಜ್ವಾಲೆ ಹತ್ತಿರ ತಂದು ಕರಗಿಸಿ ಒತ್ತಿ. ಲಿನನ್ ದಾರವಾದರೆ ಕರಗುವುದಿಲ್ಲ, ಒಂದು ತೊಟ್ಟು ಅಂಟು ಹಾಕಬೇಕು.

ಅಂಚು

ಪರ್ಸು ನೋಡಿದವರು 'ಮನೇಲಿ ಮಾಡಿದ್ದಾ?' ಅನ್ನುವುದಕ್ಕೂ 'ಎಲ್ಲಿ ತಗೊಂಡ್ರಿ?' ಅನ್ನುವುದಕ್ಕೂ ನಡುವೆ ಇರುವುದು ಅಂಚು. 240 ನಂಬರಿನ ಉಪ್ಪುಕಾಗದದಿಂದ (ನಂಬರ್ ಹೆಚ್ಚಿದಷ್ಟೂ ನುಣುಪು) ಮೂರೂ ಪದರ ಒಂದೇ ಹಲಗೆಯಾಗುವ ತನಕ ಉಜ್ಜಿ, ಆಮೇಲೆ 400, ಆಮೇಲೆ 600. ಧೂಳು ಸಣ್ಣದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೆರಳಿನಿಂದ ಅಂಚಿಗೆ ನೀರು ಸವರಿ. ತೊಯ್ಯಬಾರದು, ತೇವ ಇದ್ದರೆ ಸಾಕು. ಈಗ ನುಣ್ಣನೆಯ ಮರದ ಕಡ್ಡಿಯಿಂದಲೋ ದಪ್ಪ ಕ್ಯಾನ್ವಾಸ್ ಬಟ್ಟೆಯಿಂದಲೋ ಬಿರಬಿರನೆ ಉಜ್ಜಿ. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ. ಬಿಸಿ ಏರುತ್ತಿದ್ದ ಹಾಗೆ ನಾರುಗಳು ಮಲಗಿ, ಪದರಗಳ ನಡುವಿನ ಗೆರೆ ಕಾಣೆಯಾಗಿ, ಅಂಚು ಕಪ್ಪುಗಂದಾಗಿ ಮಿಂಚತೊಡಗುತ್ತದೆ. ಮತ್ತೆ ತೇವ, ಮತ್ತೆ ಉಜ್ಜು, ಮೂರು ನಾಲ್ಕು ಸಲ. ಕೊನೆಗೆ ಜೇನುಮೇಣ ಸವರಿ ಬಟ್ಟೆಯಲ್ಲಿ ತಿಕ್ಕಿ. ಟ್ರಾಗಾಕಾಂತ್ ಎಂಬ ಗೋಂದು ಸಿಕ್ಕರೆ ನೀರಿನ ಬದಲು ಅದನ್ನು ಹಚ್ಚಿ, ಹೆಚ್ಚು ದಿನ ಬಾಳುತ್ತದೆ.

ಕ್ರೋಮ್ ಚರ್ಮದಲ್ಲಿ ಇದನ್ನು ಮಾಡಲು ಹೋಗಬೇಡಿ, ಎಷ್ಟು ಉಜ್ಜಿದರೂ ನಾರು ಏಳುತ್ತಲೇ ಇರುತ್ತದೆ. ಅದಕ್ಕೆ ಅಂಚಿನ ಬಣ್ಣ ಬರುತ್ತದೆ; ತೆಳ್ಳಗೆ ಮೂರು ಸಲ, ನಡುನಡುವೆ ಉಪ್ಪುಕಾಗದ.

ಚೀಲ

ಎರಡು ಮೂರು ಪರ್ಸು ಮಾಡಿ ಕೈ ಕೂತ ಮೇಲೆ ಹೆಗಲ ಚೀಲಕ್ಕೆ ಬನ್ನಿ. ಮುಂಭಾಗ, ತಳ, ಹಿಂಭಾಗ, ಮುಚ್ಚಳ ಎಲ್ಲ ಒಂದೇ ಉದ್ದನೆಯ ತುಂಡು: ಅಗಲ 22, ಉದ್ದ 49 ಸೆಂಟಿಮೀಟರ್ (ಮುಂದೆ 16, ತಳ 5, ಹಿಂದೆ 16, ಮುಚ್ಚಳ 12). ಪಕ್ಕಕ್ಕೆ 5 ಸೆಂಟಿಮೀಟರ್ ಅಗಲದ, ತಳದ ಮೂಲೆ ದುಂಡಗಾದ ಎರಡು ತುಂಡು. ಮೂಲೆ ದುಂಡಗಾದಷ್ಟೂ ಸುತ್ತಳತೆ ತಗ್ಗುವುದರಿಂದ ಮುಂಭಾಗದ ಬಾಯಿಯನ್ನು ರಟ್ಟಿನ ಮೇಲೆ ನೋಡಿ ಕೊನೆಗೆ ಕತ್ತರಿಸಿ. ಬಾರನ್ನೂ ಸೇರಿಸಿ, ಹಾಳಾಗುವುದನ್ನೂ ಲೆಕ್ಕ ಹಿಡಿದು ಮೂರು ಚದರಡಿ ಚರ್ಮ ತನ್ನಿ. ಬಾರಿಗೆ 2 ಸೆಂಟಿಮೀಟರ್ ಅಗಲ ಸಾಕು. ಉದ್ದ 120 ಬೇಕಾಗುತ್ತದೆ. ಅಷ್ಟುದ್ದದ ತುಂಡು ಸಿಗದಿದ್ದರೆ ಎರಡು ಮಾಡಿ ನಡುವೆ ಬಕಲ್ ಹಾಕಿ.

ಪಕ್ಕದ ತುಂಡು ಕೂರಿಸುವುದೇ ಇಲ್ಲಿನ ಕಷ್ಟ. ಸೆಂಟಿಮೀಟರ್ ಹಿಡಿದು ಅಳೆದರೆ ಮೋಸ ಹೋಗುತ್ತೀರಿ, ತಿರುವಿನಲ್ಲಿ ಟೇಪು ಜಾರುತ್ತದೆ. ತೂತು ಎಣಿಸಿ. ಮೈಯ ತುಂಡಿಗೂ ಪಕ್ಕದ ತುಂಡಿಗೂ ಬೇರೆಬೇರೆಯಾಗಿ ತೂತು ಹೊಡೆಯಬೇಕು, ಎರಡರಲ್ಲೂ ಸಂಖ್ಯೆ ಒಂದೇ ಆಗಬೇಕು. ನನ್ನ ಮೊದಲ ಚೀಲದಲ್ಲಿ ಒಂದು ಕಡೆ 89, ಇನ್ನೊಂದು ಕಡೆ 86 ಇತ್ತು. ಹೊಲಿಯುತ್ತಾ ಸರಿಹೋದೀತು ಎಂದು ಹೊರಟೆ. ಬಾಯಿಯ ಹತ್ತಿರ ಬರುವಷ್ಟರಲ್ಲಿ ಒಂದು ಪಕ್ಕ ಗೇಣು ಬಿಟ್ಟಂತೆ ಸೊಟ್ಟಗಾಗಿತ್ತು. ಈಗ ರಟ್ಟಿನ ಅಚ್ಚಿನಲ್ಲೇ ಗುರುತು ಹಾಕಿ, ಹತ್ತಕ್ಕೊಂದು ಕೆಂಪು ಚುಕ್ಕಿ ಇಟ್ಟುಕೊಳ್ಳುತ್ತೇನೆ. ಹೊಲಿಗೆಯನ್ನು ತಳದ ನಡುವಿನಿಂದ ಶುರು ಮಾಡಿ ಎರಡೂ ಕಡೆ ಮೇಲಕ್ಕೆ ಬನ್ನಿ. ತಪ್ಪಿದರೂ ಒಂದೇ ಕಡೆ ರಾಶಿ ಬೀಳುವುದಿಲ್ಲ.

ಬಾರು ಕೂರಿಸಲು ಹೊಡೆದು ಕೂರಿಸುವ ರಿವೆಟ್‌ಗಿಂತ ತಿರುಪಿನ ರಿವೆಟ್ ವಾಸಿ, ಉದ್ದ ಸರಿಯಾಗದಿದ್ದರೆ ಬಿಚ್ಚಬಹುದು. ಖಾತ್ರಿಯಾದ ಮೇಲೆ ತಿರುಪಿಗೆ ಒಂದು ತೊಟ್ಟು ಅಂಟು ಬಿಡಿ, ಇಲ್ಲದಿದ್ದರೆ ನಡೆಯುವಾಗ ತಾನಾಗಿ ಸಡಿಲವಾಗುತ್ತದೆ.

ಚೀಲ ಮಳೆಯಲ್ಲಿ ನೆನೆದರೆ ನೆರಳಿನಲ್ಲಿ ಆರಲಿ. ಬಿಸಿಲಿಗೋ ಬೆಂಕಿಗೋ ಹಿಡಿದರೆ ಮುದುಡಿ ಹಲಗೆಯಾಗುತ್ತದೆ. ಎಣ್ಣೆ ವರ್ಷಕ್ಕೆ ಒಂದೆರಡು ಸಲ, ಬಟ್ಟೆಗೆ ಹಚ್ಚಿಕೊಂಡು ತೆಳ್ಳಗೆ ಒರೆಸಿದರೆ ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಕೊನೆಗೆ ಮುಚ್ಚಳದ ಮ್ಯಾಗ್ನೆಟ್ ಗುಂಡಿ. ಅದರ ಕೆಳಗಿನ ಅರ್ಧವನ್ನು ಮುಂಭಾಗದಲ್ಲಿ, ಹೊಲಿಗೆಗೆ ಮುಂಚೆ, ಚರ್ಮ ಚಪ್ಪಟೆಯಾಗಿದ್ದಾಗಲೇ ಕೂರಿಸಿಬಿಡಿ. ಆಮೇಲೆ ಒಳಗೆ ಕೈ ಆಡುವುದಿಲ್ಲ. ಮೇಲಿನ ಅರ್ಧಕ್ಕೆ ಮಾತ್ರ ಕಾಯಿರಿ. ಖಾಲಿ ಚೀಲದ ಮೇಲೆ ಮುಚ್ಚಳ ಎಲ್ಲಿಗೆ ಬರುತ್ತದೋ, ತುಂಬಿದ ಚೀಲದ ಮೇಲೆ ಅದಕ್ಕಿಂತ ಎರಡು ಬೆರಳು ಮೇಲೆಯೇ ನಿಲ್ಲುತ್ತದೆ. ಹೊಲಿದು ಮುಗಿಸಿ, ನೀವು ದಿನಾ ಒಯ್ಯುವ ಫೋನು, ಕೀಲಿ, ನೀರಿನ ಬಾಟಲಿ, ಕನ್ನಡಕದ ಡಬ್ಬಿ ಎಲ್ಲ ತುಂಬಿ, ಮುಚ್ಚಳ ಎಳೆದು, ಅದು ತಾನಾಗಿ ಕೂತ ಜಾಗಕ್ಕೆ ಸೂಜಿಯಿಂದ ಒಂದು ಚುಕ್ಕೆ ಒತ್ತಿ, ಅಲ್ಲಿ ತೂತು ಹೊಡೆಯಿರಿ.